ದಾರದ ತುದಿ

ಅವಳ ಬಲಗಾಲಿನ ಹೆಬ್ಬೆರಳಲ್ಲಿ ಉಂಗುರ ತೆಗೆದ ಮೇಲೆ ಉಳಿಯುವಂಥ ಒಂದು ಗೀರಿತ್ತು. ದಾರದ ತುದಿಯನ್ನು ಅಲ್ಲಿಗೆ ಸುತ್ತಿ ಹೂ ಕಟ್ಟಿ ಕಟ್ಟಿ ಬಿದ್ದ ಗುರುತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ, ನಾಗಮಂಗಲದ ಬಸ್ಸು ನಿಲ್ಲುವ ಕಡೆಗೇ ಮುಖ ಮಾಡಿ ಕೂರುತ್ತಿದ್ದ ಹೂವಿನಜ್ಜಿ ಅವಳು.

ಹತ್ತನೇ ಕ್ಲಾಸಿನ ಗಣಿತದಲ್ಲಿ ನಾನು ಫೇಲಾದೆ. ಮರಗೆಲಸದ ಅಪ್ಪ, "ಓದಿದ್ ಸಾಕು, ಮನೇಲಿ ಬಿದ್ದಿರು" ಅಂದುಬಿಟ್ಟ. ಮಾರನೆಯ ಬೆಳಿಗ್ಗೆಯೇ ಮನೆ ಬಿಟ್ಟೆ. ಮಹಾ ಶೂರೆಯ ಹಾಗೆ ಹೊರಟವಳು ಮೈಸೂರಿನ ಬಸ್ಸು ಹತ್ತಲು ಧೈರ್ಯ ಸಾಲದೆ ಅಜ್ಜಿಯ ಪಕ್ಕ ಕುಳಿತೆ. ಅವಳು ಬೆರಳಿನ ದಾರ ಬಿಚ್ಚಿ ನನ್ನ ಕೈಗಿಟ್ಟಳು.

"ಒಸಿ ಇಡ್ಕೊಳವ್ವ, ಕಾಲು ಜೋಮು ಇಡ್ದದೆ. ದಾರ ಬುಟ್ಟೀಯೆ ಮತ್ತೆ, ಹೂವೆಲ್ಲ ಉದುರೋಯ್ತವೆ!"

ಹಿಡಿದೆ. ಕಾಕಡ ಹೂವಿನ ಘಮ, ಬಸ್ಸುಗಳ ಧೂಳು, ಬಿಸಿಲು ಎಲ್ಲವೂ ಎಲ್ಲೋ ದೂರದಲ್ಲಿ ತೇಲುತ್ತಿರುವ ಹಾಗಿತ್ತು. ಎಷ್ಟು ಬಸ್ಸು ಹೋದವೋ! ದಾರ ಬಿಟ್ಟು ಏಳುವ ಹಾಗಿರಲಿಲ್ಲ ನೋಡಿ, ಅದೇ ಅವಳ ಉಪಾಯ.

ಮಧ್ಯಾಹ್ನ ಅಪ್ಪ ಬರುವುದು ಕಂಡಿತು. ತಟ್ಟನೆ ಹಿಂದಿದ್ದ ಕಂಬದ ಮರೆಗೆ ಸರಿದೆ, ದಾರ ಕೈಯಲ್ಲೇ ಇತ್ತು. ಅಪ್ಪ ಅಜ್ಜಿಗೆ ಮೊಬೈಲಿನಲ್ಲಿ ನನ್ನ ಫೋಟೊ ತೋರಿಸಿದ.

"ಸಿಕ್ಕುದ್ರೆ ಏನ್ಮಾಡೀಯಪ್ಪ? ಒಡೀತೀಯಾ?" ಅಜ್ಜಿ ಬೇಕೆಂದೇ ಗಟ್ಟಿಯಾಗಿ ಕೇಳಿದಳು.

"ಯಾಕವ್ವ ಒಡೀಲಿ? ಸಿಕ್ರೆ ಸಾಕು ಕಣವ್ವ. ಎಷ್ಟಾರ ಓದ್ಕಳ್ಳಿ."

ಅಪ್ಪ ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ದಾರವನ್ನು ಮೆಲ್ಲಗೆ ಎರಡು ಸಲ ಎಳೆದಳು. ನಾನು ಹೊರಬಂದೆ.

ಮತ್ತೆ ಪರೀಕ್ಷೆ ಬರೆದು ಪಾಸಾದೆ. ಕಾಲೇಜಿಗೆ ಹೋಗಿಬರುವಾಗೆಲ್ಲ ಅಜ್ಜಿಯ ಬಳಿ ಕೂರುತ್ತಿದ್ದೆ. "ಯಾಕಜ್ಜಿ, ಯಾವಾಗ್ಲೂ ನಾಗಮಂಗ್ಲದ ಬಸ್ ಕಡೀಕೇ ನೋಡ್ತೀಯಲ್ಲ?" ಎಂದು ಒಮ್ಮೆ ಕೇಳಿದೆ.

"ನಿನ್ನಷ್ಟೇ ಇದ್ದೆ. ಅಲ್ಲಿಂದ ಓಡ್ಬಂದು ಇಲ್ಲೇ ಒಂದು ಮರದಿಂದೆ ಬಚ್ಚಿಟ್ಕಂಡಿದ್ದೆ. ಅವ್ವ ಬತ್ತಾಳೆ ಅಂತವ. ಬಸ್ ಇಳ್ದೋರ್ನೆಲ್ಲ ನೋಡ್ದೆ. ಯಾರೂ ಬರ್ನಿಲ್ಲ ಕಣವ್ವ" ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬ ಹುಡುಗಿ ಮನೆ ಬಿಟ್ಟು ಓಡುತ್ತಾಳೆ, ಆದರೆ ಬಸ್ ಸ್ಟ್ಯಾಂಡಿನ ಮರದ ಹಿಂದೆಯೇ ಅವಿತುಕೊಳ್ಳುತ್ತಾಳೆ. ಅದನ್ನು ಓದಿದ ಗೆಳತಿಯೊಬ್ಬಳು, "ಓಡಿಹೋಗೋಳು ದೂರ ಹೋಗೋದು ಬಿಟ್ಟು ಇಲ್ಲೇ ಯಾಕೆ ಅವಿತ್ಕೋತಾಳೆ ಕಣೇ?" ಅಂದಳು. ಹುಡುಕಿಕೊಂಡು ಬರುವವರು ಇದ್ದಾರೋ ಇಲ್ಲವೋ ಅವಳು ನೋಡಬೇಡವೇ, ಅಂದೆ.

ಹೋದ ತಿಂಗಳು ಹೂವಿನಜ್ಜಿ ತೀರಿಕೊಂಡಳು. ಆ ವಾರವೇ ಕೊನೆಯ ಅಧ್ಯಾಯ ಬದಲಾಯಿಸಿದೆ. ಮರದ ಹಿಂದೆ ಹುಡುಗಿ ಇನ್ನೂ ನಿಂತಿದ್ದಾಳೆ. ನಾಗಮಂಗಲದ ಬಸ್ಸಿನಿಂದ ಅವಳ ಅವ್ವ ಇಳಿಯುತ್ತಾಳೆ.