ಸೆರಗು ಕೂಡಿಸಿದ ಮಧ್ಯಾಹ್ನ

ಆ ದಿನ ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವರಿದ್ದೆವು. ನೆಲ ತೋಡಿ ಹೂಡಿದ ಕುಣಿಮಗ್ಗದ ಒಂದು ಬದಿಗೆ ಅಪ್ಪ, ಎದುರಿಗೆ ಪಕ್ಕದ ಮನೆಯ ಕಾಕಾ, ಅಡಿಗೆಮನೆಯ ಹೊಸ್ತಿಲಲ್ಲಿ ಅವ್ವ, ಟಿ.ವಿ.ಯ ಮುಂದೆ ಆಗಷ್ಟೇ ಕಾಲೇಜು ಮುಗಿಸಿ ಕೂತಿದ್ದ ನಾನು. ಕಾಕಾ ಅಂದರೆ ಬಳಗದವನಲ್ಲ. ಅಪ್ಪನ ಸಣ್ಣಂದಿನ ಗೆಳೆಯ, ಅವನೂ ನೇಕಾರ.

ನಮ್ಮ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ರೇಷ್ಮೆ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು, ಅದೂ ಪ್ರತಿ ಸೀರೆಗೂ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನಮ್ಮ ಸೀರೆಗೆ ಕಾಕಾ ಬರುತ್ತಿದ್ದ, ಅವನ ಸೀರೆಗೆ ಅಪ್ಪ ಹೋಗುತ್ತಿದ್ದ. ಕೂಲಿಯ ಮಾತಿಲ್ಲ, ಚಹಾ ಅಷ್ಟೇ. ಕೈ ಹಚ್ಚಿದವರು ಕೊನೆಯ ಎಳೆ ಕೂಡುವ ತನಕ ಏಳಬಾರದೆಂಬುದು ಓಣಿಯ ರೂಢಿ.

ಅವತ್ತು ಲೋಕಸಭೆಯ ಫಲಿತಾಂಶ. ಕಾಕಾ ದಿಲ್ಲಿಯಲ್ಲಿ ಆಳುವ ಪಕ್ಷದ ಕಡೆ, ಅಪ್ಪ ಅದರ ಎದುರಾಳಿಯ ಕಡೆ. ಮೊದಲೆಲ್ಲ ಮತದ ಚೀಟಿ ಎಣಿಸಿ ಮುಗಿಯಲು ಭಾಳ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಗೆದ್ದವರ ಸೊಕ್ಕೂ ಸೋತವರ ಸಿಟ್ಟೂ ಅರ್ಧ ಇಳಿದಿರುತ್ತಿದ್ದವು. ಆ ಸಲ ಎಲ್ಲ ಕಡೆ ಮಷಿನ್ ಬಂದು, ಒಂದು ಸೆರಗು ಕೂಡುವುದರೊಳಗೆ ದೇಶವೇ ಇತ್ಯರ್ಥವಾಗಿಬಿಟ್ಟಿತು.

ಮುಂಜಾನೆ ಬಂದದ್ದು ನಮ್ಮ ಜಿಲ್ಲೆಯ ಸುದ್ದಿ. ಕಾಕಾನ ಕಡೆಯವರು ಮುಂದೆ.

“ಲೇ, ಮಾರಿ ಯಾಕ ಇಳಿಬಿಟ್ಟಿ? ಎಳಿ ಬಿಗಿ ಹಿಡಿ,” ಎಂದು ಕಾಕಾ ನಕ್ಕ.

“ದೇಶಂದ್ರ ಬಾಗಲಕೋಟಿ ಒಂದ ಅಲ್ಲಲೇ,” ಎಂದ ಅಪ್ಪ.

ಮಧ್ಯಾಹ್ನದ ಹೊತ್ತಿಗೆ ದಿಲ್ಲಿಯ ಸರ್ಕಾರವೇ ಸೋತಿತು. ಯಾರೋ ಪಟಾಕಿ ಹಚ್ಚಿದರು. ಟಿ.ವಿ. ನೋಡಲು ಓಣಿಯ ಜನ ನಮ್ಮ ಕಟ್ಟೆಗೆ ಸೇರಿದರು. ಅವರಿಗೆಲ್ಲ ಕೇಳುವ ಹಾಗೆ ಅಪ್ಪ ದನಿ ಎತ್ತಿದ.

“ಏನಪಾ, ಊರ ತುಂಬ ಝಂಡಾ ಹೊತ್ತಿ. ಮಗಗ ನೌಕರಿ ಕೊಡಿಸ್ತಾರಂತ ಅವರ ಮನಿ ಬಾಗಲಾ ಕಾದಿ. ಈಗ ಆ ಮಗನ್ನೂ ಕರಕೊಂಡು ಹೋಗು, ಇಬ್ಬರೂ ಕೂಡಿ ಕಾಯ್ರಿ!”

ಕಟ್ಟೆಯ ಮೇಲೆ ನಗೆ ಎದ್ದಿತು. ಕಾಕಾನ ಮಗನಿಗೆ ಪೋಲಿಯೊದಿಂದ ಒಂದು ಕಾಲು ಸೊರಗಿತ್ತು. ಕುಣಿಗಿಳಿದು ಮಗ್ಗ ತುಳಿಯಲು ಅವನಿಂದಾಗುತ್ತಿರಲಿಲ್ಲ. ಅದು ನಕ್ಕವರಿಗೂ ಗೊತ್ತಿತ್ತು.

“ಏನ್ ಮಾತಾಡ್ತೀರಿ ನೀವು!” ಎಂದಳು ಅವ್ವ. ಆಡಿದ್ದು ಆಡಿಯಾಗಿತ್ತು.

ಕಾಕಾ ಏಳಲಿಲ್ಲ. ತಲೆ ಎತ್ತದೆ ಕೂಡಿಸುತ್ತಲೇ ಹೋದ. ಅವನ ಬದಿಯ ಒಂದು ಎಳೆಯೂ ಸಡಿಲಾಗಲಿಲ್ಲ. ಕೊನೆಯದು ಮುಗಿದ ಮೇಲೆ ಅಂಗಿ ಝಾಡಿಸಿಕೊಂಡು ಎದ್ದ.

“ಅಣ್ಣಾ, ಚಹಾ ಕುಡದು ಹೋಗ್ರಿ,” ಎನ್ನುತ್ತ ಅವ್ವ ಬಾಗಿಲ ತನಕ ಬೆನ್ನು ಹತ್ತಿದಳು.

“ಕೆಲಸ ಮುಗೀತಲ್ಲವಾ ತಂಗಿ. ಇನ್ನ ನನ್ನ ಕರೀಬ್ಯಾಡ್ರಿ.”

ಆ ಸೀರೆ ಚೆನ್ನಾಗಿಯೇ ಬಂತು. ಮುಂದಿನದಕ್ಕೆ ಅಪ್ಪ ಕಾಕಾನ ಅಂಗಳದ ತನಕ ಹೋಗಿ, ಕೆಮ್ಮಿ, ಕರೆಯದೆ ತಿರುಗಿ ಬಂದ. ಕಾಕಾನ ಜಾಗದಲ್ಲಿ ನನ್ನನ್ನು ಕೂರಿಸಿದ. ನನ್ನ ಕೈಯಲ್ಲಿ ಎಳೆಗಳು ಹರಿದವು. ಕೂಡಿಸಿದ ಜಾಗ ಜಾಳಾಗಿ ಕಾಣುತ್ತಿತ್ತು. ಸೀರೆ ಕೊಳ್ಳುವ ಅಂಗಡಿಯ ಸಾಹುಕಾರರು ಬಿಚ್ಚಿ ನೋಡಿ, ಮಡಚಿ ತಿರುಗಿ ಕೊಟ್ಟರು. ಅದರ ಮುಂದಿನದೂ ಹಾಗೇ ಆಯಿತು. ಆ ಚುನಾವಣೆ ಯಾರಿಗೆ ಏನು ಕೊಟ್ಟಿತೋ, ಅಪ್ಪನಿಗೆ ದಕ್ಕಿದ್ದು ಕಟ್ಟೆಯ ಮೇಲಿನ ಆ ನಗೆ ಒಂದೇ.

ದೀಪಾವಳಿಗೆ ಮುಂಚೆ ಅಪ್ಪ ಪವರ್‌ಲೂಮಿಗೆ ಕೂಲಿ ಹೋಗತೊಡಗಿದ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆವು. ನಾನೂ ಅವ್ವನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಕುಣಿ ತುಂಬಿದೆವು. ಅವ್ವ ಅದರ ಮೇಲೆ ಸಗಣಿ ಸಾರಿಸಿದಳು.