ಬಣ್ಣ ಬಿಟ್ಟ ಮೀನು

ಅಕ್ಕನ ಮನೆಯ ಕೊಳದ ವಿಚಾರ ಯಾರಾದರೂ ಎತ್ತಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಭಾವನದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಹೊಸ ಮನೆ ಕಟ್ಟಿಸಿದಾಗ ವಾಸ್ತು ಹೇಳುವವರೊಬ್ಬರು, ಈಶಾನ್ಯದಲ್ಲಿ ನೀರಿರಬೇಕು, ಆ ನೀರಿನಲ್ಲಿ ಕೆಂಪು ಮೀನುಗಳ ನಡುವೆ ಒಂದು ಕಪ್ಪು ಮೀನಿರಬೇಕು, ಮನೆಗೆ ಬರುವ ಕೆಟ್ಟದ್ದನ್ನೆಲ್ಲ ಅದು ಎಳೆದುಕೊಳ್ಳುತ್ತದೆ ಎಂದು ಹೇಳಿದ್ದರು. ಕಾಂಪೌಂಡಿನ ಮೂಲೆಯಲ್ಲಿ, ದಾಳಿಂಬೆ ಗಿಡದ ಪಕ್ಕ ಕೊಳ ಸಿದ್ಧವಾಯಿತು. ನಾನು ಹಾಸನದಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನ ಹಿತ್ತಲ ತೊಟ್ಟಿಯಲ್ಲೂ ಗೋಲ್ಡ್‌ಫಿಶ್ ಸಾಕಿದ್ದೆ. ಹಾಗಾಗಿ ಮೀನು ಆರಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಮೀನು ಬಿಟ್ಟ ದಿನ ಅಕ್ಕನನ್ನು ಕೊಳದ ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದೊಂದನ್ನೇ ತೋರಿಸಿದೆ. ಉದ್ದ ಮೈ, ಒಂಟಿ ಬಾಲ, ಸರ್ರನೆ ಓಡುವುದು ಕಾಮೆಟ್. ಮೈಮೇಲೆ ಕೆಂಪು, ನೀಲಿ, ಕಪ್ಪು ಬಣ್ಣ ಎರಚಿದಂತಿರುವುದು ಶುಬುಂಕಿನ್. ಮೊಟ್ಟೆಯಂಥ ಮೈಗೆ ಬಿಚ್ಚಿದ ಬೀಸಣಿಗೆಯಂಥ ಜೋಡಿ ಬಾಲವಿದ್ದರೆ ಫ್ಯಾನ್‌ಟೇಲ್. ತಲೆಯ ಮೇಲೆ ಹೂಕೋಸಿನಂತೆ ಗಂಟುಗಂಟು ಬೆಳೆದಿದ್ದರೆ ಒರಾಂಡಾ.

"ಇದು ನಮ್ಮತ್ತೆ ಕಣೇ. ತಲೆ ತುಂಬಾ ಊವ ಮುಡ್ಕೊಂಡು ಎಂಗೆ ನಿಧಾನ್ಕೆ ಓಯ್ತದೆ ನೋಡು," ಎಂದು ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಭಾವನ ಕಪ್ಪು ಮೀನು ಬ್ಲ್ಯಾಕ್ ಮೂರ್ ಜಾತಿಯದು. ಅದರ ಕಣ್ಣುಗಳು ತಲೆಯ ಎರಡೂ ಪಕ್ಕಕ್ಕೆ ಗುಂಡಿ ಹೊಲಿದಂತೆ ಹೊರಗೆ ಚಾಚಿಕೊಂಡಿರುತ್ತವೆ. ಆ ಕೊಳದಲ್ಲಿ ಅಂಥ ಕಣ್ಣಿದ್ದದ್ದು ಅದೊಂದಕ್ಕೇ. ಅಕ್ಕ ಎಲ್ಲ ಹೆಸರನ್ನೂ ಬೇಗ ಕಲಿತಳು. ದಿನಾ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಳು. ಭಾವನಿಗೆ ಮಾತ್ರ ಅವು ಕೆಂಪು ಮೀನು, ಕಪ್ಪು ಮೀನು, ಅಷ್ಟೇ.

ಕೊಳಕ್ಕೆ ಬಿದ್ದ ಎಲೆ ತೆಗೆದು, ಮೀನಿಗೆ ಕಾಳು ಹಾಕಿ, ಗಿಡಕ್ಕೆ ನೀರು ಬಿಡಲು ನುಗ್ಗೇಹಳ್ಳಿ ಕಡೆಯಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಅಕ್ಕ ಫೋನ್ ಮಾಡಿ, "ಕಪ್ ಮೀನು ಇಲ್ವಂತೆ ಕಣೇ. ನಿಮ್ ಭಾವ ಆಯಮ್ಮನ್ನ ಕೆಲಸದಿಂದ ಬುಡಿಸ್ಬುಟ್ರು," ಎಂದಳು. ಹೊರಗೆ ಕಳಿಸಿದ್ದ ಕೊಬ್ಬರಿ ಲೋಡು ವಾಪಸ್ ಬಂದಿತ್ತಂತೆ. ಭಾವ ನೇರವಾಗಿ ಹೋಗಿ ಕೊಳ ನೋಡಿದ್ದಾರೆ. ಕಪ್ಪು ಮೀನು ಕಂಡಿಲ್ಲ.

ಭಾನುವಾರವೇ ಬಸ್ಸು ಹತ್ತಿದೆ. ಭಾವ ಬಾಗಿಲಲ್ಲೇ ಶುರು ಮಾಡಿದರು.

"ಕಪ್ ಮೀನ್ ಎತ್ಕೊಂಡೋಗಿ ಮಾರ್ಕೊಂಡವ್ಳೆ ಕಣಮ್ಮ. ಅದ್ರ ಬದ್ಲು ಯಾವ್ದೋ ಕೆಂಪುದ್ ತಂದ್ ಬುಟ್ಟವ್ಳೆ."

ನಾನು ನೇರ ಕೊಳದ ಹತ್ತಿರ ಹೋದೆ. ಮೀನು ಅಲ್ಲೇ ಇತ್ತು. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಪಕ್ಕೆ ತಾಮ್ರದಂತಾಗಿತ್ತು, ಬೆನ್ನ ಮೇಲೂ ರೆಕ್ಕೆಯ ಅಂಚಿನಲ್ಲೂ ಮಾತ್ರ ಮಸಿ ಉಳಿದಿತ್ತು. ಕಣ್ಣು ಅದೇ ಕಣ್ಣು.

"ಭಾವ, ಇಲ್ನೋಡಿ. ಈ ಜಾತಿ ಮೀನು ಬೆಳೀತಾ ಬೆಳೀತಾ ಕಪ್ಪು ಬಿಡೋದುಂಟು. ಕಣ್ ನೋಡಿ. ನಾನೇ ತಂದಿದ್ ಮೀನು ಇದು."

"ಮೀನು ಎಲ್ಲಾದ್ರೂ ಬಣ್ಣ ಬುಡ್ತದಾ? ನನ್ನೇನು ಸ್ಕೂಲ್ ಐಕ್ಳು ಅಂದ್ಕೊಂಡ್ಯಾ?"

ನಾನು ಅಕ್ಕನ ಫೋನು ಕಿತ್ತುಕೊಂಡೆ. ಫೋಟೊಗಳೆಲ್ಲ ಸಾಲಾಗಿ ಸಿಕ್ಕವು. ಮೊದಲು ಇದ್ದಿಲಿನಂಥ ಕಪ್ಪು. ಆಮೇಲೆ ಹೊಟ್ಟೆಯಡಿ ಒಂದು ಕಂದು ಗೆರೆ. ಆಮೇಲೆ ಆ ಕಂದು ಮೇಲೇರಿ ಮೇಲೇರಿ ಪಕ್ಕೆ ಮುಚ್ಚಿದ್ದು. ಭಾವ ನೋಡಿದರು. ಅವರ ಮುಖದಲ್ಲಿ ನಾಚಿಕೆ ಬರಬಹುದೆಂದು ಕಾದೆ.

"ಸರಿ ಬುಡು. ನಾಳೆಯಿಂದ ಬರಾಕೇಳು ಅವ್ಳಿಗೆ," ಎಂದು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೊರಟುಬಿಟ್ಟರು. ಎರಡು ತೆಂಗಿನಕಾಯಿ ಹೆಚ್ಚುಕಮ್ಮಿ ಆದರೂ ಆಳುಗಳ ಮೇಲೆ ಹಾರಾಡುವ ಮನುಷ್ಯ, ಒಬ್ಬಳನ್ನು ಕಳ್ಳಿ ಮಾಡಿದ್ದಕ್ಕೆ 'ಸರಿ ಬುಡು' ಎಂದರು.

ಆಗ ನನಗೆ ಹೊಳೆಯಿತು. ಈ ಫೋಟೊಗಳನ್ನೆಲ್ಲ ತೆಗೆದವಳು ಅಕ್ಕ.

"ನಿಂಗೆ ಗೊತ್ತಿತ್ತು," ಎಂದೆ.

ಅಕ್ಕ ನೆಲ ನೋಡಿದಳು. "ಕಪ್ ಮೀನು ಬಣ್ಣ ಬುಟ್ಟದೆ ಅಂದ್ರೆ, ಮನೆಗೆ ಏನೋ ಕೇಡು ಬಂದದೆ ಅಂತಿದ್ರು. ಅತ್ತೆ ಅದ್ನೂ ನನ್ ಮೇಲೇ ಆಕೋರು. ಏಳಾಕೆ ಬಾಯೇ ಬರ್ನಿಲ್ಲ ಕಣೇ."

"ಅದುಕ್ಕೆ ಆಯಮ್ಮನ್ನ ಕಳ್ಳಿ ಮಾಡಿದ್ಯಾ?"

ಭಾವನ ಮೇಲಿದ್ದ ಸಿಟ್ಟು ಅವಳ ಮೇಲೆ ಇನ್ನೂ ಜೋರಾಗಿ ತಿರುಗಿತು. ಭಾವನಿಗೆ ಗೊತ್ತಿರಲಿಲ್ಲ. ಇವಳಿಗೆ ಎಲ್ಲ ಗೊತ್ತಿತ್ತು, ಮೀನಿನ ಹೆಸರು ಸಮೇತ.

ಕೈಹಿಡಿದು ಎಳೆದುಕೊಂಡೇ ಅವಳನ್ನು ನುಗ್ಗೇಹಳ್ಳಿ ಬಸ್ಸು ಹತ್ತಿಸಿದೆ. ಆ ಹೆಂಗಸು ಮನೆ ಮುಂದೆ ಹುರುಳಿ ಕೇರುತ್ತಿದ್ದರು. ನಮ್ಮನ್ನು ನೋಡಿ ಎದ್ದು ಚಾಪೆ ಹಾಸಿದರು. ನಡೆದದ್ದನ್ನೆಲ್ಲ ಹೇಳಿ, ವಾಪಸ್ ಬನ್ನಿ ಎಂದೆ.

"ಟೀಚರಮ್ಮ, ಆ ಮೀನ್ ತಕ್ಕೊಂಡು ನಾನೇನ್ ಮಾಡ್ಲಿ? ತಿನ್ನಾಕೂ ಆಗಕಿಲ್ಲ," ಎಂದರು. ಆಮೇಲೆ ದನಿ ಗಟ್ಟಿಯಾಯಿತು. "ನಿಮ್ ಭಾವ ಗೇಟ್ನಾಗೆ ನಿಲ್ಸ್ಕೊಂಡು, ರೋಡ್ನೋರೆಲ್ಲ ನೋಡಂಗೆ ನನ್ ಚೀಲ ತಡಕುದ್ರು. ಅನ್ನದ ಡಬ್ಬಿ ಬಿಚ್ಚಿ ನೋಡುದ್ರು. ಅವರೇ ಅಲ್ ನಿಂತ್ಕೊಂಡು ತಪ್ಪಾಯ್ತು ಅನ್ಲಿ, ಬತ್ತೀನಿ."

ಅಕ್ಕ ಅಳತೊಡಗಿದಳು.

"ಅಳ್ಬ್ಯಾಡಿ ಅಕ್ಕಾರೆ. ನೀವು ಕಿಟಕಿತಾವ ನಿಂತಿದ್ನ ನಾನು ನೋಡ್ದೆ," ಎಂದು ಹೇಳಿ ಅವರು ಮತ್ತೆ ಮೊರ ಕೈಗೆತ್ತಿಕೊಂಡರು. ಹುರುಳಿಯ ಹೊಟ್ಟು ನಮ್ಮ ಕಾಲ ಮೇಲೆಲ್ಲ ಹಾರಿ ಬಿತ್ತು.

ಭಾವ ತಪ್ಪಾಯಿತು ಎನ್ನಲಿಲ್ಲ. ಬದಲಿಗೆ ಅಕ್ಕನ ಕೈಯಲ್ಲಿ ಒಂದು ಸೀರೆ ಕಳಿಸಿದರಂತೆ. ಮಡಿಕೆ ಬಿಚ್ಚದೆ ಅದು ಹಿಂದಕ್ಕೆ ಬಂತಂತೆ. ಆ ಹೆಂಗಸು ಈಗ ಊರ ಹತ್ತಿರವೇ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಭಾವ ಇನ್ನೊಂದು ಕಪ್ಪು ಮೀನು ತರಿಸಿದ್ದಾರೆ. ಆರಿಸಿಕೊಡು ಎಂದು ಮೊದಲು ನನಗೇ ಫೋನ್ ಮಾಡಿದ್ದರು. ನಾನು ಬಾಯಿಗೆ ಬಂದಂತೆ ಬೈದು ಫೋನಿಟ್ಟೆ. ಅದಾದ ಮೇಲೆ ಆ ಮನೆಯ ಹೊಸ್ತಿಲು ತುಳಿದಿಲ್ಲ.

ಅಕ್ಕ ಹಾಸನಕ್ಕೆ ಬಂದರೆ ನನ್ನ ಮನೆಗೇ ಬರುತ್ತಾಳೆ. ಕಾಫಿ ಕೊಡುತ್ತೇನೆ, ಊಟ ಹಾಕುತ್ತೇನೆ. ಹಿತ್ತಲ ತೊಟ್ಟಿಯ ಹತ್ತಿರ ನಿಂತು "ಇದ್ಯಾವ್ದೇ ಹೊಸದು?" ಎಂದು ಅವಳು ಕೇಳಿದರೆ ನಾನು ಪಾತ್ರೆ ತೊಳೆಯಲು ಒಳಗೆ ಹೋಗುತ್ತೇನೆ.