ಒಣ ಹಗ್ಗದ ಅಳತೆ

ಕಾಲ್ಚೆಂಡಾಟದ ಲೋಕದಲ್ಲಿ ಗೋಲು ಹೊಡೆದವರ ಹೆಸರು ಫಲಕದ ಮೇಲೆ ಉಳಿಯುತ್ತದೆ, ಹೊಡೆಸಿಕೊಂಡವರ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ. ಆ ಆಟಕ್ಕೆ ನೆಲ ಹದ ಮಾಡಿಕೊಟ್ಟವರ ಹೆಸರು ಮಾತ್ರ ಎಲ್ಲಿಯೂ ಉಳಿಯುವುದಿಲ್ಲ. ಮೂವತ್ತೆಂಟು ವರ್ಷ ನಮ್ಮ ಕ್ಲಬ್ಬಿನ ಮೈದಾನವನ್ನು ನೋಡಿಕೊಂಡು ಈ ತಿಂಗಳು ನಿವೃತ್ತರಾಗುತ್ತಿರುವ ಗೆರೆಯಣ್ಣನವರು ಈ ಮೂರನೆಯ ಪಂಗಡದ ಹಿರಿಯರು. ಸುಣ್ಣದ ಗೆರೆಯನ್ನು ನೂಲು ಹಿಡಿದಂತೆ ಎಳೆಯುವುದರಿಂದ ಬಂದ ಹೆಸರು ಅದು. ಹಾಜರಿ ಪುಸ್ತಕದಲ್ಲಿರುವ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಈ ಮೈದಾನ ಇಟ್ಟಿಗೆ ಸುಡುವವರು ಮಣ್ಣು ತೆಗೆದು ಬಿಟ್ಟುಹೋದ ತಗ್ಗು. ಮೊದಲ ಎರಡು ವರ್ಷ ಅವರು ಒಂದು ಹಿಡಿ ಹುಲ್ಲಿನ ಬೀಜವನ್ನೂ ಬಿತ್ತಲಿಲ್ಲ. ಮೊಣಕಾಲೂರಿ ಇಟ್ಟಿಗೆಯ ಚೂರು ಹೆಕ್ಕಿದರು. ಕೆಳಗಿನ ಮೂಲೆಯಲ್ಲಿ ಇಂದಿಗೂ ನೀರು ನಿಲ್ಲುತ್ತದೆ. ಹೊರಗಿನಿಂದ ಬಂದ ಪ್ರತಿಯೊಂದು ತಂಡದ ನಾಯಕನನ್ನೂ ಅವರು ಅಲ್ಲಿಗೆ ಕರೆದೊಯ್ದು, "ಇಲ್ಲಿ ಕಾಲು ಜಾರುತ್ತೆ, ನೋಡ್ಕೊಂಡು ಓಡಿ" ಎಂದು ಹೇಳುತ್ತಿದ್ದರು. ನಮ್ಮ ತರಬೇತುದಾರರು ಒಮ್ಮೆ ಸಿಟ್ಟಾಗಿ, "ನೀವು ಯಾರ ಕಡೆಯವರು ಮಾರಾಯರೇ?" ಎಂದು ಕೇಳಿದ್ದುಂಟು.

"ನಾನಾ? ನೆಲದ ಕಡೆಯವನು."

ಹತ್ತೊಂಬತ್ತು ವರ್ಷದ ಹಿಂದಿನ ರಾಷ್ಟ್ರೀಯ ಕಪ್ಪಿನ ಕಥೆ ಎಲ್ಲರಿಗೂ ಗೊತ್ತು, ಪೂರ್ತಿ ಗೊತ್ತಿರುವವರು ಕಡಿಮೆ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕಾದ ಪಂದ್ಯಾವಳಿ ಅದು. ಬೇಕರಿಯವರು, ಬಸ್ಸಿನ ಚಾಲಕರು, ಒಬ್ಬ ಕ್ಷೌರಿಕ ಸೇರಿ ಆಡುತ್ತಿದ್ದ ನಮ್ಮ ತಂಡ ಮೂರು ಸುತ್ತು ದಾಟಿತು. ನಾಲ್ಕನೆಯ ಸುತ್ತಿಗೆ ಹಿಂದಿನ ವರ್ಷದ ಚಾಂಪಿಯನ್ನರೇ ನಮ್ಮ ತಗ್ಗಿಗೆ ಇಳಿದು ಬಂದರು.

ಆ ಶನಿವಾರ ಮಧ್ಯಾಹ್ನದವರೆಗೂ ಮಳೆ ಹೊಯ್ದು ಗೆರೆ, ಚುಕ್ಕೆ ಎಲ್ಲ ಗುರುತೂ ಸಿಗದಂತೆ ತೊಳೆದುಹೋಗಿತ್ತು. ಗೆರೆಯಣ್ಣನವರು ತಮ್ಮ ಹನ್ನೆರಡು ಗಜದ ನಾರಿನ ಹಗ್ಗ ಹಿಡಿದು, ಗೋಲಿನ ಗೆರೆಯಿಂದ ಅಳೆದು, ಹೊಸದಾಗಿ ಪೆನಾಲ್ಟಿ ಚುಕ್ಕೆ ಇಟ್ಟರು. ರೆಫರಿ ನೋಡಿ ತಲೆಯಾಡಿಸಿದರು. ಗೆರೆಯಣ್ಣನ ಚುಕ್ಕೆಯನ್ನು ಅಳೆಯುವುದೇ ಮರ್ಯಾದೆಯಲ್ಲ ಎಂದುಕೊಂಡಿರಬೇಕು. ಆಟ ಸಮವಾಯಿತು, ಪೆನಾಲ್ಟಿಗೆ ಹೋಯಿತು. ನಮ್ಮ ಗೋಲ್‌ಕೀಪರ್, ವೈರಿಂಗ್ ಕೆಲಸದವನು, ಗೆರೆಯಣ್ಣನವರ ಸ್ವಂತ ತಂಗಿಯ ಮಗ. ಅವನು ಮೂರು ಒದೆತ ತಡೆದ. ಊರಿಗೆ ಊರೇ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿತು.

ಸೋಮವಾರ ಬೆಳಿಗ್ಗೆ, ವಾರದ ವಾಡಿಕೆಯಂತೆ, ಗೆರೆಯಣ್ಣನವರು ಬೇಲಿಯ ಮೇಲೆ ಒಣಗಿದ್ದ ಹಗ್ಗವನ್ನು ತೆಗೆದು ಚುಕ್ಕೆಯತ್ತ ಹಾಸಿದರು. ಹನ್ನೆರಡು ಗಜದ ಗುರುತಿನ ಗಂಟು ಚುಕ್ಕೆಯನ್ನು ದಾಟಿ ಬಿತ್ತು. ಒಂದಡಿ ನಾಲ್ಕು ಬೆರಳು. ಎದುರು ಬದಿಗೆ ಹೋಗಿ ಅಳೆದರು, ಅಲ್ಲಿಯೂ ಅಷ್ಟೇ. ನೆನೆದ ಹಗ್ಗ ಕುಗ್ಗುತ್ತದೆ ಎಂಬುದು ಹಟ್ಟಿಯಲ್ಲಿ ದನ ಕಟ್ಟುವವರಿಗೆಲ್ಲ ತಿಳಿದ ಮಾತು. ಹಟ್ಟಿಯಲ್ಲೇ ಬೆಳೆದ ಅವರಿಗೆ ಅಂದು ಅದು ಹೊಳೆದಿರಲಿಲ್ಲ. ಕೈಯಲ್ಲಿ ಹಗ್ಗ ಹಿಡಿದು, ಹಸಿ ಹುಲ್ಲಿನ ಮೇಲೆ ಕುಳಿತುಬಿಟ್ಟರು.

ಕ್ಲಬ್ಬಿನ ಕಾರ್ಯದರ್ಶಿಗಳು ಕೇಳಿ ಬೆಪ್ಪಾದರು. "ಯಾರಿಗಾದ್ರೂ ಹೇಳಿದ್ರಾ?"

"ನಿಮಗೇ ಮೊದಲು."

"ನನಗೇ ಕೊನೆಯೂ ಆಗ್ಲಿ. ಎರಡೂ ತಂಡ ಅದೇ ಚುಕ್ಕೆಯಿಂದ ತಾನೇ ಒದ್ದಿದ್ದು? ಇಬ್ಬರಿಗೂ ಒಂದೇ ಅನ್ಯಾಯ ಆದ್ರೆ ಅದು ನ್ಯಾಯಾನೇ ಅಲ್ವಾ ಅಣ್ಣಾ?"

"ಅದನ್ನ ಕಪ್ಪಿನ ಸಮಿತಿಯವರು ಹೇಳ್ಬೇಕು. ನೀವೂ ಅಲ್ಲ, ನಾನೂ ಅಲ್ಲ."

ಸಮಿತಿಗೆ ಕಾಗದ ಬರೆದರು. ಅಂಚೆಗೆ ಹಾಕುವ ಮುಂಚೆ ತಂಗಿಯ ಮನೆಗೆ ಹೋದರು. ಅಳಿಯ ಕುರ್ಚಿಯ ಮೇಲೆ ನಿಂತು ಅಡುಗೆಮನೆಯ ದೀಪ ಸರಿಮಾಡುತ್ತಿದ್ದ. ಮಾತು ಕೇಳಿ ನಕ್ಕ. "ತಮಾಷೆ ಮಾಡ್ತಿದೀರಾ ಮಾವ?" ಮಾವ ನಗಲಿಲ್ಲ.

"ಅಣ್ಣಾ," ಎಂದರು ತಂಗಿ, "ನಿನ್ನ ಹಗ್ಗಕ್ಕೆ ನನ್ನ ಮಗನ ಕುತ್ತಿಗೆಯೇ ಬೇಕಾಗಿತ್ತೇನೋ?"

ಅಳಿಯ ಕುರ್ಚಿಯಿಂದ ಇಳಿಯಲೂ ಇಲ್ಲ. "ಹಾಕಿ ಮಾವ, ಕಾಗದ ಹಾಕಿ. ಆದ್ರೆ ಇನ್ಮೇಲೆ ನನ್ನ ಮುಂದೆ ಬರ್ಬೇಡಿ."

ಸಮಿತಿ ಮರುಪಂದ್ಯಕ್ಕೆ ಆದೇಶಿಸಿತು. ಮೂರು ಗೋಲಿನಿಂದ ಸೋತೆವು. ಯಾರೋ ಸುಣ್ಣದ ಚೀಲಗಳನ್ನು ಸೀಳಿ ಚರಂಡಿಗೆ ಸುರಿದರು. ಕ್ಷೌರಿಕ, ಆತ ನಮ್ಮ ಮುಂಚೂಣಿ ಆಟಗಾರ, ಗೆರೆಯಣ್ಣನವರ ಗಡ್ಡಕ್ಕೆ ಕತ್ತಿ ಮುಟ್ಟಿಸಲಿಲ್ಲ. ಅವರು ಮಾತ್ರ ಮರುದಿನವೂ ಸಮಯಕ್ಕೆ ಸರಿಯಾಗಿ ಬಂದು ಹುಲ್ಲು ಕತ್ತರಿಸಿದರು. ಅಂದು ಬೈದವರಲ್ಲಿ ಈ ಅಭಿನಂದನಾ ಸಂಪುಟಕ್ಕೆ ಲೇಖನ ಬರೆದವರೂ ಇದ್ದಾರೆ ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ನಿಜ ಹೇಳುವುದಾದರೆ ಊರು ಆ ಸೋಮವಾರದ ಆಘಾತದಿಂದ ಇಂದಿಗೂ ಪೂರ್ತಿ ಎದ್ದಿಲ್ಲ.

ಹನ್ನೊಂದು ತಿಂಗಳ ಬಳಿಕ ಒಂದು ಸಂಜೆ ಅಳಿಯ ಮೈದಾನಕ್ಕೆ ಬಂದ. ಗೆರೆಯಣ್ಣನವರು ಚುಕ್ಕೆಗೆ ಸುಣ್ಣ ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಅವನು ಗೋಲುಕಂಬಕ್ಕೆ ಒರಗಿ ನಿಂತು ಕೇಳಿದ:

"ಮಾವ, ಚುಕ್ಕೆ ಒಂದಡಿ ಹತ್ತಿರ ಇತ್ತಲ್ವಾ? ಅಂದ್ರೆ ನಾನು ಹಿಡಿದದ್ದು ಇನ್ನೂ ಕಷ್ಟದ್ದೇ ಅಲ್ವಾ?"

"ಒಂದಡಿ ಅಲ್ಲ," ಎಂದರು ಗೆರೆಯಣ್ಣನವರು, ಕುಂಚ ಕೆಳಗಿಟ್ಟು. "ಒಂದಡಿ ನಾಲ್ಕು ಬೆರಳು."

ಅಳಿಯ ಪಕ್ಕದಲ್ಲೇ ಕೂತು ಸುಣ್ಣದ ಡಬ್ಬಿಯನ್ನು ಹಿಡಿದುಕೊಂಡ.

ಆ ಹಗ್ಗ ಸಾಮಾನಿನ ಕೋಣೆಯ ಮೊಳೆಯಲ್ಲಿ ಈಗಲೂ ಇದೆ. ಅದರ ಪಕ್ಕದಲ್ಲೇ ಉಕ್ಕಿನ ಟೇಪೂ ಇದೆ. ನಾಳೆಯಿಂದ ಕೀಲಿಕೈ ಬೇರೆಯವರ ಕೈಗೆ ಹೋದರೂ, ಸೋಮವಾರ ಬೆಳಿಗ್ಗೆ ಬಂದು ಒಮ್ಮೆ ಅಳೆದುಹೋಗುವ ಕೆಲಸವನ್ನು ಅವರು ಬಿಡಬಾರದೆಂದು ಕ್ಲಬ್ಬಿನ ಬೇಡಿಕೆ. ಗೆರೆಯಣ್ಣನವರು ನೂರು ವರ್ಷ ಬಾಳಲಿ. ನೂರೆಂದರೆ, ಒಣ ಹಗ್ಗದಲ್ಲಿ ಅಳೆದ ನೂರು.